ಕೊಕ್ಕು ಮುರಿದ ಗಿಣಿಯ ಮಂಚ

ವೀರಮ್ಮಾಳ್ ಮನೆಯಲ್ಲಿ ಅಂಗಡಿಯಿಂದ ಕೊಂಡುತಂದ ಸಾಮಾನನ್ನು ಹುಡುಕಿಯೇ ಕಾಣಬೇಕು. ಬಟ್ಟೆ ಇಡುವ ಕಪಾಟು ಒಬ್ಬ ಹಲ್ಲಿನ ಡಾಕ್ಟರ ಮನೆಯದು. ಅದರ ಒಳಬಾಗಿಲಿಗೆ ದವಡೆಯ ಚಿತ್ರವೊಂದು ಇನ್ನೂ ಅಂಟಿಕೊಂಡಿದೆ. ಮಿಕ್ಸಿ ಒಂದು ಕಾಲದಲ್ಲಿ ಸರ್ಕಾರ ಮನೆಮನೆಗೆ ಪುಕ್ಕಟೆ ಹಂಚಿದ್ದು, ಯಾರೋ ಅದನ್ನು ಪುಕ್ಕಟೆಯಾಗಿಯೇ ಬೀದಿಗೆ ಬಿಟ್ಟಿದ್ದರು. ಕುರ್ಚಿಗಳು ಎರಡು, ಎತ್ತರ ಬೇರೆ ಬೇರೆ. ಗಿಡ್ಡ ಕುರ್ಚಿಯ ನಾಲ್ಕು ಕಾಲಿಗೂ ಗಂಡ ವೇಲು ಮರದ ತುಂಡು ಜೋಡಿಸಿ ಸಮ ಮಾಡಿದ್ದಾನೆ. ಗೋಡೆ ಗಡಿಯಾರದ ಮುಖದ ಮೇಲೆ ಯಾರದೋ ಮದುವೆಯ ಶುಭಾಶಯ ಇದೆ. ಅದು ನಡೆಯುತ್ತದೆ, ಸ್ವಲ್ಪ ಮುಂದಾಗಿ.

ತೇನಿ ಪೇಟೆಯಲ್ಲಿ ನಸುಕಿನಲ್ಲಿ ಕೆಲವು ಮನೆಗಳ ಬಾಗಿಲು ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುವುದು ವೀರಮ್ಮಾಳ್ ಕೆಲಸ. ರಂಗೋಲಿಗೆ ಆ ಕಡೆ ಕೋಲ ಎನ್ನುತ್ತಾರೆ. ಹುಟ್ಟೂರು ಚಿನ್ನಮನೂರಿನ ಹತ್ತಿರದ ಮಾರ್ಕಯನ್‌ಕೋಟ್ಟೈ. ಯಾವ ತಲೆಮಾರಿನಲ್ಲಿ ಕಂಬಂ ಕಣಿವೆಗೆ ಇಳಿದರೋ ನೆನಪಿಲ್ಲದ ಬೇಸಾಯದ ಕುಟುಂಬ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ವೇಲು ಬೋಡಿಮೆಟ್ಟಿನ ಏಲಕ್ಕಿ ತೋಟಗಳಿಗೆ ಜೀಪಿನಲ್ಲಿ ಆಳುಗಳನ್ನು ಸಾಗಿಸುತ್ತಿದ್ದವನು. ಘಾಟಿಯ ತಿರುವುಗಳಲ್ಲಿ ಬೆನ್ನು ಕೆಟ್ಟ ಮೇಲೆ ಮನೆಯಲ್ಲೇ ಕೂತು ಹೆಂಡತಿ ತಂದದ್ದನ್ನು ರಿಪೇರಿ ಮಾಡುತ್ತಾನೆ. ರಿಪೇರಿಯಾದದ್ದರಲ್ಲಿ ತಮಗೆ ಬೇಕಾದದ್ದು ಉಳಿಯುತ್ತದೆ. ಉಳಿದ ತೊಟ್ಟಿಲು, ಬಕೆಟ್ಟು, ಸ್ಟೂಲುಗಳು ಹಳೆಯ ಜೀಪಿನ ಸ್ನೇಹಿತರ ಕೈಯಲ್ಲಿ ಬೋಡಿಮೆಟ್ಟಿನ ಕೂಲಿ ಲೈನಿನ ಮನೆಗಳಿಗೆ ಹೋಗುತ್ತವೆ. ಮಾರುವುದಿಲ್ಲ. ಪುಕ್ಕಟೆ ಬಂದದ್ದನ್ನು ಮಾರಿದರೆ ಬೀದಿ ಕೊಡುವುದನ್ನು ನಿಲ್ಲಿಸುತ್ತದೆ ಎಂದು ಆಕೆಯ ನಂಬಿಕೆ.

ಬೀದಿಯವರು ಆಕೆಯನ್ನು ಕುಪ್ಪೆ ವೀರಮ್ಮ, ಅಂದರೆ ಕಸದ ವೀರಮ್ಮ ಎನ್ನುತ್ತಾರೆ, ಎದುರಿಗೂ ಹೇಳಿದ್ದುಂಟು. "ಕುಪ್ಪೆ ನಿನ್ ಮನೆ ಮುಂದೆ ತಾನೆ ಜಾಸ್ತಿ ಸಿಗೋದು" ಎಂದು ಆಕೆ ಪೊರಕೆ ನಿಲ್ಲಿಸದೆ ಉತ್ತರ ಕೊಡುತ್ತಾಳೆ.

ಹಾಗೆಂದು ಕಂಡದ್ದನ್ನೆಲ್ಲ ಎತ್ತುವವಳಲ್ಲ. ರಂಗೋಲಿಯ ಅಂಚಿನೊಳಗಿರುವ ವಸ್ತು ಆ ಮನೆಯದು, ಅದು ಮುರಿದ ಮಗ್ಗುವಾದರೂ ಸರಿ. ಚರಂಡಿ ದಾಟಿದ್ದು ಬೀದಿಯದು. ಅನುಮಾನವಿದ್ದರೆ ಇಬ್ಬನಿ ನೋಡುತ್ತಾಳೆ: ವಸ್ತುವಿನ ಮೇಲ್ಭಾಗ ತೊಯ್ದು ಅಡಿಯ ನೆಲ ಒಣಗಿದ್ದರೆ ಅದು ರಾತ್ರಿಯೆಲ್ಲ ಹೊರಗಿದೆ ಎಂದು ಅರ್ಥ, ಮರೆತು ಬಿಟ್ಟವರು ಅಷ್ಟು ಹೊತ್ತು ಮರೆಯುವುದಿಲ್ಲ. ಮನೆಯಲ್ಲಿ ದೀಪ ಕಂಡರೆ ಆಗಲೂ ಬಾಗಿಲು ತಟ್ಟಿ ಒಂದು ಮಾತು ಕೇಳುತ್ತಾಳೆ. ಇದೆಲ್ಲಕ್ಕಿಂತ ಮೊದಲು ನೋಡುವುದು ಮನೆಯ ಮುಂದೆ ಕೋಲ ಇದೆಯೋ ಇಲ್ಲವೋ ಎಂಬುದನ್ನು. ಸಾವಾದ ಮನೆಯ ಮುಂದೆ ಕೋಲ ಹಾಕುವುದಿಲ್ಲ. ಆ ವರ್ಷದ ಮಾರ್ಗಳಿಯಲ್ಲಿ, ಅಂದರೆ ಬೀದಿಗೆ ಬೀದಿಯೇ ಬಣ್ಣ ತುಂಬಿಕೊಳ್ಳುವ ಧನುರ್ಮಾಸದಲ್ಲೂ ಆ ಒಂದು ಅಂಗಳ ಬೋಳಾಗಿರುತ್ತದೆ. ಅಂಥ ಮನೆಯಿಂದ ಹೊರಬಿದ್ದ ಚಾಪೆ, ದಿಂಬು, ಮಂಚಗಳನ್ನು ವೀರಮ್ಮಾಳ್ ಮುಟ್ಟುವುದಿಲ್ಲ. ಆ ಕಣಿವೆಯಲ್ಲಿ ಯಾರೂ ಮುಟ್ಟುವುದಿಲ್ಲ.

ಕಳೆದ ಮಾರ್ಗಳಿಯಲ್ಲಿ ಆಕೆಗೆ ಒಂದು ಮಂಚ ಬೇಕಾಗಿತ್ತು.

ಮಗಳು ಮುತ್ತುಸೆಲ್ವಿಯನ್ನು ಪೆರಿಯಕುಳಕ್ಕೆ ಕೊಟ್ಟಿದ್ದರು. ಅಳಿಯ ರಾಮ್‌ಕುಮಾರ್ ದಿಂಡಿಗಲ್ಲಿನ ನೂಲಿನ ಗಿರಣಿಯಲ್ಲಿ ಫಿಟ್ಟರ್. ಅವನ ತಾಯಿ ಅಳಗಮ್ಮಾಳ್ ಪೆರಿಯಕುಳದಲ್ಲಿ ಮಾವಿನ ತೋಪು ಗುತ್ತಿಗೆ ಹಿಡಿದು ನಡೆಸುವ ಗಟ್ಟಿ ಹೆಂಗಸು. ಚೊಚ್ಚಲ ಬಸುರಿಗೆ ಬಳೆ ತೊಡಿಸಿ ತವರಿಗೆ ಕಳಿಸುವ ದಿನ ಅಳಗಮ್ಮಾಳ್ ಸೊಸೆಯ ಕೈಗೆ ಅರಿಶಿನದಲ್ಲಿ ಅದ್ದಿದ, ಅಂಗೈಯಗಲದ ಒಂದು ಹಳೆಯ ಬಟ್ಟೆ ತುಂಡನ್ನೂ ಕೊಟ್ಟಿದ್ದಳು. ನೂರು ವರ್ಷದ ಹತ್ತಿರ ಬಾಳಿದವರ ಸೀರೆಯದು, ದಿಂಬಿನ ಕೆಳಗಿಟ್ಟುಕೋ, ಕೂಸಿಗೆ ಆಯಸ್ಸು ಎಂದಷ್ಟೇ ಹೇಳಿದ್ದಳು. ಯಾರ ಸೀರೆ ಎಂದು ಮುತ್ತುಸೆಲ್ವಿ ಕೇಳಲಿಲ್ಲ.

ತವರಿನಲ್ಲಿ ಎಲ್ಲರೂ ಮಲಗುವುದು ನೆಲದ ಮೇಲೆ, ಚಾಪೆಯಲ್ಲಿ. ಎಂಟನೆಯ ತಿಂಗಳಿಗೆ ಮುತ್ತುಸೆಲ್ವಿಯ ಕಾಲು ಊದಿತು, ಸೊಂಟ ಹಿಡಿಯಿತು. ನೆಲದಿಂದ ಏಳುವಾಗ ಒಂದು ಕೈ ಗೋಡೆಗೆ, ಒಂದು ಕೈ ಅಪ್ಪನಿಗೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ, ಇನ್ನು ಮೇಲೆ ನೆಲದಲ್ಲಿ ಮಲಗಿಸಬೇಡಿ, ಹೆರಿಗೆಯಾದ ಮೇಲಂತೂ ಬೇಡವೇ ಬೇಡ ಎಂದಳು. ಹೊಸ ಮಂಚದ ಮಾತು ಮನೆಯಲ್ಲಿ ಏಳಲೇ ಇಲ್ಲ. ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಅವತ್ತು ಹಳೆಯದನ್ನೆಲ್ಲ ಮನೆಯಿಂದ ಹೊರಹಾಕುವುದು ರೂಢಿ. ಬೀದಿ ಕೊಡುತ್ತದೆ ಎಂದಳು ವೀರಮ್ಮಾಳ್. ಬೀದಿಗೆ ಯಾರು ಮಂಚ ಹಾಕುತ್ತಾರೆ ಎಂದ ವೇಲು.

ಭೋಗಿಗೆ ಕೆಲವು ದಿನ ಮೊದಲೇ ಬೀದಿ ಕೊಟ್ಟಿತು. ರೈಲ್ವೆ ಗೇಟಿನ ಆಚೆಯ ಹೊಸ ಬಡಾವಣೆಯಲ್ಲಿ ಒಂದು ಮನೆಯವರು ಆ ಒಂದು ದಿನಕ್ಕೆ ಮಾತ್ರ ಕೋಲ ಹಾಕಲು ಕರೆದಿದ್ದರು. ಅಲ್ಲಿಗೆ ಹೋಗುವ ದಾರಿಯಲ್ಲಿ, ಇನ್ನೂ ಕತ್ತಲಿರುವಾಗ, ವಿದ್ಯುತ್ ಕಂಬಕ್ಕೆ ಒರಗಿಸಿಟ್ಟ ಮಂಚ ಕಂಡಿತು. ಚರಂಡಿ ದಾಟಿ ಬೀದಿಯ ಕಡೆಗಿತ್ತು. ಬೆರಳಿನ ಗೆಣ್ಣಿನಿಂದ ತಟ್ಟಿದಳು: ತೇಗ. ಕಡೆದ ಕಾಲುಗಳು, ತಲೆಯ ಕಡೆಯ ಹಲಗೆಯಲ್ಲಿ ಮುಖಾಮುಖಿ ಕೂತ ಎರಡು ಗಿಣಿಗಳು, ಅದರಲ್ಲಿ ಒಂದಕ್ಕೆ ಕೊಕ್ಕಿಲ್ಲ. ಹಲಗೆಯ ಮೇಲೆ ಇಬ್ಬನಿ ಹನಿಗಟ್ಟಿತ್ತು, ಅಡಿಯ ನೆಲ ಒಣಗಿತ್ತು.

ಆಮೇಲೆ ತಿರುಗಿ ಕಂಬದ ಎದುರಿನ ಮನೆಯ ಮುಂದೆ ನೋಡಿದಳು. ಕೋಲ ಇತ್ತು. ಬಾಗಿಲಿನಗಲದ ತಾವರೆ, ಸುತ್ತ ಕೆಮ್ಮಣ್ಣಿನ ಬಣ್ಣದ ಅಂಚು. ಮಂಚವನ್ನು ಮರೆತು ವೀರಮ್ಮಾಳ್ ಅದನ್ನೇ ನೋಡುತ್ತ ನಿಂತಳು. ದಳ ದಳಕ್ಕೂ ಒಂದೇ ಅಳತೆ, ಎಳೆ ಎಲ್ಲೂ ತುಂಡಾಗಿರಲಿಲ್ಲ. ಇಷ್ಟು ಬೇಗ ಎದ್ದು ಇಷ್ಟು ಚೆನ್ನಾಗಿ ಹಾಕುವ ಕೈ ಈ ಪೇಟೆಯಲ್ಲಿ ಯಾರದು ಎಂದು ಒಳಗೊಳಗೇ ಸ್ವಲ್ಪ ಉರಿಯಿತು. ಬಾಗಿ ನೋಡಿದರೆ ತನ್ನ ಕೈ ಕಡಿಮೆ ಎಂದು ಒಪ್ಪಿಕೊಂಡಂತೆ. ಬಾಗಲಿಲ್ಲ. ಒಳಗೆ ದೀಪವೂ ಇರಲಿಲ್ಲ. ಕೆಲಸ ಮುಗಿಸಿ, ಇಸ್ತ್ರಿ ಮಾಡುವ ಕಣ್ಣನ್‌ನ ತಳ್ಳುಗಾಡಿ ಕೇಳಿ ತಂದು, ಮಂಚವನ್ನು ಮನೆಗೆ ಸಾಗಿಸಿದಳು.

ವೇಲು ಅದನ್ನು ತೊಳೆದ, ಕೀಲುಗಳಿಗೆ ಬೆಣೆ ಹೊಡೆದು ಅಲುಗದಂತೆ ಮಾಡಿದ. ಕೊಕ್ಕಿಲ್ಲದ ಗಿಣಿಯನ್ನು ಬಹಳ ಹೊತ್ತು ನೋಡಿ, ಮಾವಿನ ಮರದ ಚೂರಿನಲ್ಲಿ ಹೊಸ ಕೊಕ್ಕು ಕೆತ್ತಿ ಅಂಟಿಸಿದ. ಹಳೆಯ ತೇಗಕ್ಕೆ ಹೊಸ ಮಾವಿನ ಮರ ಸೇರಲಿಲ್ಲ. ಕೊಕ್ಕು ಬಿಳುಪಾಗಿ ಎದ್ದು ಕಂಡಿತು. ಮಧ್ಯಾಹ್ನ ಮಲಗಿದ ಮುತ್ತುಸೆಲ್ವಿ ಸಂಜೆಯವರೆಗೂ ಎಚ್ಚರವಾಗಲಿಲ್ಲ. ಏಳುವಾಗ ಗೋಡೆಯೂ ಬೇಕಾಗಲಿಲ್ಲ, ಅಪ್ಪನೂ ಬೇಕಾಗಲಿಲ್ಲ. ಕಾಲು ಕೆಳಗೆ ಬಿಟ್ಟು ಎದ್ದು ನಿಂತಳು.

ಪೊಂಗಲ್ ಕಳೆದ ಮೇಲೆ ಅಳಗಮ್ಮಾಳ್ ಸೊಸೆಯನ್ನು ನೋಡಲು ಬಂದಳು. ಒಣಗಿಸಿದ ಮಾವಿನ ಹೋಳು, ಒಂದು ಗೊನೆ ಬಾಳೆಹಣ್ಣು, ಮನೆಯಲ್ಲೇ ಕಾಯಿಸಿದ ತುಪ್ಪ. ಮಂಚದ ಮೇಲೆ ಸೊಸೆಯ ಪಕ್ಕ ಕೂತು, ಕಾಲಿನ ಊತ ಇಳಿದದ್ದನ್ನು ಒತ್ತಿ ನೋಡಿ, ಸಮಾಧಾನದಿಂದ ಹಿಂದಕ್ಕೆ ಒರಗಿದಳು. ಕೈ ಗಿಣಿಯ ಮೇಲೆ ಹೋಯಿತು. ಅಲ್ಲೇ ನಿಂತಿತು.

"ಈ ಕಟ್ಟಿಲು ಎಲ್ಲೀದು ಸಂಬಂಧೀ?" ಎಂದಳು. ಮಂಚಕ್ಕೆ ಅವರ ಮಾತಿನಲ್ಲಿ ಕಟ್ಟಿಲು.

ಬೀಗಿತ್ತಿಯ ಮುಂದೆಯೂ ವೀರಮ್ಮಾಳ್ ಯಾವ ವಸ್ತುವಿನ ಮೂಲವನ್ನೂ ಮುಚ್ಚಿಟ್ಟವಳಲ್ಲ. "ಬೀದೀದು" ಎಂದಳು.

"ಯಾವ ಬೀದೀದು?"

ರೈಲ್ವೆ ಗೇಟಿನ ಆಚೆಯದು ಎನ್ನುವಷ್ಟರಲ್ಲಿ ಅಳಗಮ್ಮಾಳ್ ಎದ್ದು ನಿಂತಿದ್ದಳು, ಹಸಿ ಸಿಮೆಂಟಿನ ಮೇಲೆ ಕೂತವಳಂತೆ ಸೀರೆ ಒದರಿಕೊಂಡು. "ಇದು ಪೊನ್ನಮ್ಮಾಳ್ ಅವ್ವನ ಕಟ್ಟಿಲು. ದೀಪಾವಳಿ ಆದ ವಾರ ನಾನೇ ಸಾವ್ಗೆ ಓಗಿದ್ದೆ. ಈ ಗಿಣಿಗೆ ಮೂಗಿರ್ಲಿಲ್ಲ, ನೀವು ಮೂಗ್ ಮಾಡೀರಿ."

"ಆ ಮನೆ ಮುಂದೆ ಕೋಲ ಇತ್ತು" ಎಂದಳು ವೀರಮ್ಮಾಳ್. "ನಾ ನೋಡೇ ತಂದದ್ದು."

"ಸತ್ತ ಮನೆ ಮುಂದೆ ಕೋಲ ಎಂಗಿರ್ತದೆ? ಕೋಲ ಆಕೋಳೇ ಇಂಗೆ ಮಾತಾಡ್ತೀಯಲ್ಲ."

ಪೊನ್ನಮ್ಮಾಳ್ ಎಂದರೆ ಅಳಗಮ್ಮಾಳ್ ಕಡೆಯ ದೂರದ ಸಂಬಂಧಿ. ಬಹಳ ವಯಸ್ಸಾಗಿ ಹೋದವಳು. ಮರಿಮಕ್ಕಳು ಪಂಜು ಹಿಡಿದಿದ್ದರು, ತಮಟೆಯವರು ಕುಣಿದಿದ್ದರು. ಅದು ದುಃಖದ ಸಾವಲ್ಲ. ಆದರೆ ಅಳಗಮ್ಮಾಳ್‌ಗೆ ತಿಳಿಯಬೇಕಾಗಿದ್ದು ಬೇರೆ. ಜೀವ ಹೋಗುವ ಗಳಿಗೆ ಬಂತೆಂದು ಕಂಡರೆ ಮಲಗಿದವರನ್ನು ಮಂಚದಿಂದ ನೆಲಕ್ಕೆ ಇಳಿಸುವುದು ಅವರಲ್ಲಿ ಪದ್ಧತಿ. ಇಳಿಸಿದ್ದರೆ ಮಂಚ ಬರೀ ಮರ. ಇಳಿಸದೆ ಜೀವ ಮಂಚದ ಮೇಲೇ ಹೋಗಿದ್ದರೆ ಆ ಮಂಚ ಯಾರಿಗೂ ಆಗದು, ಬಸುರಿಗಂತೂ ಆಗದು. ಇಳಿಸಿದೆ ಎಂದು ಪೊನ್ನಮ್ಮಾಳ್‌ನ ಸೊಸೆ ಸುಬ್ಬುಲಕ್ಷ್ಮಿ ಸಾವಿನ ದಿನ ಎಲ್ಲರ ಎದುರಿಗೂ ಹೇಳಿದ್ದಳು.

"ಇಳಿಸಿದ್ರೆ ಇಂಥಾ ತೇಗದ ಕಟ್ಟಿಲ ಬೀದಿಗ್ಯಾಕೆ ಆಕ್ತಾಳೆ?" ಎಂದು ಅಳಗಮ್ಮಾಳ್ ಕೇಳಿದಳು.

ಹಾಗಾದರೆ ಮಂಚ ಹೊರಗಿಡಿ, ತಾನು ಮೊದಲಿನಂತೆ ಚಾಪೆಯಲ್ಲೇ ಮಲಗುತ್ತೇನೆ ಎಂದು ಮುತ್ತುಸೆಲ್ವಿ ತಮಿಳಿನಲ್ಲಿ ಹೇಳಿದಳು. ಮನೆಮಾತು ಅರ್ಥವಾಗುತ್ತದೆ, ಅಸಮಾಧಾನ ಬಂದಾಗ ನಾಲಗೆ ತಮಿಳಿಗೆ ಹೋಗುತ್ತದೆ. ಅಳಗಮ್ಮಾಳ್ ಒಪ್ಪಲಿಲ್ಲ. ಮಂಚ ಇಷ್ಟು ದಿನ ಈ ಸೂರಿನ ಕೆಳಗೆ ಇತ್ತು. ಈಗ ಆಗದಿರುವುದು ಮಂಚವಲ್ಲ, ಮನೆ. ಸಂಜೆಯ ಬಸ್ಸಿಗೆ ಸೊಸೆಯನ್ನು ಪೆರಿಯಕುಳಕ್ಕೆ ಕರೆದೊಯ್ಯುತ್ತೇನೆ, ಹೆರಿಗೆ ಅಲ್ಲೇ ಆಗಲಿ ಎಂದಳು.

ಇದನ್ನು ಆಕೆ ಜಗಳದ ದನಿಯಲ್ಲಿ ಹೇಳಲಿಲ್ಲ. ರಾಮ್‌ಕುಮಾರ್‌ಗಿಂತ ಮೊದಲು ಅಳಗಮ್ಮಾಳ್‌ಗೆ ಒಂದು ಕೂಸು ಆಗಿ ಉಳಿದಿರಲಿಲ್ಲ. ಯಾವುದರಿಂದ ಹಾಗಾಯಿತೆಂದು ಯಾರೂ ಹೇಳಲಿಲ್ಲವಾದ್ದರಿಂದ ಆಕೆ ಎಲ್ಲದಕ್ಕೂ ಹೆದರುತ್ತಿದ್ದಳು. ಅದು ವೀರಮ್ಮಾಳ್‌ಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಎದುರಾಡಲು ಬಾಯಿ ಬರಲಿಲ್ಲ. ಆದರೆ ಚೊಚ್ಚಲ ಹೆರಿಗೆಗೆ ಬಂದ ಮಗಳು ಹೆರುವ ಮುಂಚೆ ಗಂಡನ ಮನೆಗೆ ಮರಳುವುದೆಂದರೆ ತವರಿಗೆ ಅವಳನ್ನು ಇಟ್ಟುಕೊಳ್ಳಲು ಆಗಲಿಲ್ಲವೆಂದು ಊರಿಗೆಲ್ಲ ಸಾರಿದಂತೆ. ಅದಕ್ಕೂ ಹೆಚ್ಚಾಗಿ, ಮಗಳು ಹೋಗಲು ಬಯಸಿರಲಿಲ್ಲ. ಬಂದ ದಿನವೇ ಅಮ್ಮನ ಪಕ್ಕದಲ್ಲಿ ಚಾಪೆ ಹಾಕಿಕೊಂಡು, ಕೂಸು ಆಗುವವರೆಗೆ ಇಲ್ಲಿಂದ ಕದಲುವುದಿಲ್ಲ ಎಂದಿದ್ದಳು.

"ನೀನೇ ಓಗಿ ಕೇಳ್ಕೊಂಡ್ ಬಾ ಸಂಬಂಧೀ" ಎಂದು ಕೊನೆಗೆ ಅಳಗಮ್ಮಾಳ್ ಹೇಳಿದಳು. "ಇಳಿಸಿದ್ರು ಅಂದ್ರೆ ನಂಗೆ ಮಾತಿಲ್ಲೆ."

ವೀರಮ್ಮಾಳ್ ಬಿಸಿಲಿನಲ್ಲೇ ಹೊರಟಳು. ರೈಲ್ವೆ ಗೇಟು ದಾಟಿ ಆ ಮನೆಯ ಮುಂದೆ ನಿಂತಾಗ ಮೊದಲು ಕಂಡದ್ದು ಅದೇ ತಾವರೆ. ಅದೇ ದಳ, ಅದೇ ಅಂಚು, ಒಂದು ಗೆರೆಯೂ ಬದಲಾಗಿರಲಿಲ್ಲ. ಎಷ್ಟು ಒಳ್ಳೆಯ ಕೈಯಾದರೂ ಎರಡು ದಿನ ಒಂದೇ ಕೋಲ ಬರುವುದಿಲ್ಲ. ಆಕೆ ಬಾಗಿದಳು. ಹೆಬ್ಬೆರಳಿನಿಂದ ಒಂದು ದಳವನ್ನು ಉಜ್ಜಿದಳು. ಬೆರಳಿಗೆ ಏನೂ ಹತ್ತಲಿಲ್ಲ.

ಅಕ್ಕಿ ಹಿಟ್ಟಾಗಿದ್ದರೆ ಇರುವೆ ಮುತ್ತಿರಬೇಕಿತ್ತು. ಕಲ್ಲಿನ ಪುಡಿಯಾಗಿದ್ದರೆ ಇಷ್ಟು ಹೊತ್ತಿಗೆ ಗಾಳಿ ಅರ್ಧ ಒಯ್ದಿರಬೇಕಿತ್ತು. ಹತ್ತಿರದಿಂದ ನೋಡಿದರೆ ಬ್ರಷ್ಷಿನ ಎಳೆಗಳು ಕಾಣುತ್ತಿದ್ದವು, ಒಂದು ಕಡೆ ಸ್ಕೂಟರಿನ ಟಯರು ಬಣ್ಣವನ್ನು ತೇಯಿಸಿತ್ತು. ಮನೆ ಕಟ್ಟಿದಾಗ ಪೇಂಟರ್ ಕೈಯಲ್ಲಿ ಬರೆಸಿದ ಎನಾಮೆಲ್ ತಾವರೆ. ಹುಟ್ಟಿಗೂ ಅದೇ, ಸಾವಿಗೂ ಅದೇ. ಯಾರು ಹೋದರೂ ಅದು ಅಳಿಸುವುದಿಲ್ಲ. ಜೀವಮಾನವೆಲ್ಲ ಕೋಲ ಹಾಕಿದ ಹೆಂಗಸು, ಬಾಗಲು ಬೇಸರಪಟ್ಟು, ಪೇಂಟನ್ನು ಕೋಲವೆಂದು ನಂಬಿ ಹೊಟ್ಟೆಕಿಚ್ಚೂ ಪಟ್ಟಿದ್ದಳು. ವೀರಮ್ಮಾಳ್ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು.

ಬಾಗಿಲು ತೆರೆದ ಸುಬ್ಬುಲಕ್ಷ್ಮಿಗೆ ಕಂಡದ್ದು ತನ್ನ ಹೊಸ್ತಿಲ ಮುಂದೆ ಕೂತು ನೆಲ ಉಜ್ಜುತ್ತಿರುವ ಒಬ್ಬ ಅಪರಿಚಿತೆ. ಸುಬ್ಬುಲಕ್ಷ್ಮಿ ಐವತ್ತರ ಸಣಕಲು ಹೆಂಗಸು. ಗಂಡ ದಿಂಡಿಗಲ್ಲಿನಲ್ಲಿ ವ್ಯಾಪಾರ ಮಾಡುತ್ತ ವಾರಕ್ಕೊಮ್ಮೆ ಬರುತ್ತಿದ್ದ. ವೀರಮ್ಮಾಳ್ ತಮಿಳಿನಲ್ಲಿ ಶುರುಮಾಡಿದಳು. ಅಳಗಮ್ಮಾಳ್ ಹೆಸರು ಬಂದ ಕೂಡಲೇ ಇಬ್ಬರ ಮಾತೂ ಕನ್ನಡಕ್ಕೆ ತಿರುಗಿತು. ಮಂಚ ಎಂದಾಗ ಸುಬ್ಬುಲಕ್ಷ್ಮಿ ಕೇಳುವ ಮೊದಲೇ ಉತ್ತರ ಕೊಟ್ಟಳು, ಬಹಳ ಸಲ ಹೇಳಿ ಸವೆದ ಉತ್ತರ: ಇಳಿಸಿದೆ, ಜೀವ ನೆಲದ ಮೇಲೇ ಹೋಯಿತು.

ಒಳ್ಳೆಯದಾಯಿತು ಎಂದಳು ವೀರಮ್ಮಾಳ್. ಮಗಳು ಅದರ ಮೇಲೆ ಮಲಗುತ್ತಿದ್ದಾಳೆ, ಚೊಚ್ಚಲ ಬಸುರಿ, ಎಂದೂ ಹೇಳಿದಳು.

ಸುಬ್ಬುಲಕ್ಷ್ಮಿ ಮೆಟ್ಟಿಲ ಮೇಲೆ ಕೂತಳು. ಆಮೇಲೆ ಇಳಿಸಿರಲಿಲ್ಲ ಎಂದಳು. ಅವತ್ತು ಮನೆಯಲ್ಲಿ ಇದ್ದದ್ದು ತಾನೊಬ್ಬಳೇ. ಗಂಡನಿಗೆ ಫೋನು ಮಾಡಿದ್ದಳು, ಅವನಿನ್ನೂ ದಾರಿಯಲ್ಲಿದ್ದ. ಪಕ್ಕದ ಮನೆಯವರನ್ನು ಕೂಗಲು ಎದ್ದರೆ ಅತ್ತೆ ಕೈ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದವರಿಗೆಲ್ಲ ಇಳಿಸಿದೆ ಎಂದುಬಿಟ್ಟಳು. ಗಂಡನಿಗೂ ಹಾಗೇ ಹೇಳಿದಳು. ಮಂಚ ಹಿಂದಿನ ಕೋಣೆಯಲ್ಲಿತ್ತು. ಅದರ ಮುಂದೆ ಹಾಯುವಾಗೆಲ್ಲ ಕಣ್ಣು ಬೇರೆ ಕಡೆ ಮಾಡಿಕೊಂಡು, ಕೊನೆಗೆ ತಡೆಯಲಾರದೆ ಭೋಗಿಯ ನೆಪ ಹೇಳಿ ಹೊರಗೆ ಹಾಕಿಸಿದಳು.

"ಇಳಿಸಿದ್ರು ಅಂತಾನೇ ಯೋಳಕ್ಕ" ಎಂದಳು. "ಊರ್ಗೆಲ್ಲ ಗೊತ್ತಿರೋದು ಅದೇ. ನಿನ್ ಮಗಳೂ ನಿನ್ ಮನೇಲೇ ಇರ್ತಾಳೆ."

ಆ ಒಂದು ಮಾತಿಗೆ ಎಲ್ಲವೂ ಸರಿಹೋಗುತ್ತಿತ್ತು. ವೀರಮ್ಮಾಳ್ ಎದ್ದು ಸೆರಗು ಕೊಡವಿಕೊಂಡಳು. "ಗೊತ್ತಿಲ್ಲದೆ ತಂದದ್ದು ಬೇರೆ ತಂಗೀ. ಗೊತ್ತಾದ್ಮೇಲೆ ಆ ಬಯ ಇರೋಳ್ಗೆ ಸುಳ್ಳ್ ಯೋಳಿ, ನಾಳೆ ಕೂಸ್ಗೆ ಒಂದ್ ಜರ ಬಂದ್ರೂ ನಾ ಏನ್ಮಾಡ್ಲಿ?" ಎಂದಳು. ಹಾಗೆಂದು ಸುಬ್ಬುಲಕ್ಷ್ಮಿಯ ಗುಟ್ಟನ್ನೂ ಬಯಲಿಗೆ ತರುವುದಿಲ್ಲ. ಕೇಳಲು ಹೋಗಿದ್ದೆ, ಮನೆಯಲ್ಲಿ ಯಾರೂ ಸಿಗಲಿಲ್ಲ ಎನ್ನುತ್ತೇನೆ, ಮಗಳನ್ನು ಬಸ್ಸು ಹತ್ತಿಸುತ್ತೇನೆ ಎಂದಳು. ಅದೂ ಸುಳ್ಳೇ ಎಂಬುದು ಆಕೆಗೆ ಆಗ ಹೊಳೆಯಲಿಲ್ಲ.

ಬೀದಿಯ ತಿರುವಿನವರೆಗೆ ಬಂದಿದ್ದಳು. ಹಿಂದೆ ಬೀಗ ಹಾಕಿದ ಸದ್ದಾಯಿತು. ಸುಬ್ಬುಲಕ್ಷ್ಮಿ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದಳು.

ಮನೆಯಲ್ಲಿ ಅಳಗಮ್ಮಾಳ್ ಸೊಸೆಯ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಮುಗಿಸಿದ್ದಳು. ಮುತ್ತುಸೆಲ್ವಿ ಗಿಡ್ಡ ಕುರ್ಚಿಯಲ್ಲಿ ಕೂತಿದ್ದಳು. ವೇಲು ಹೊರಗೆ ಜಗುಲಿಯಲ್ಲಿ ಅಗತ್ಯವಿಲ್ಲದ ಒಂದು ಮೊಳೆಯನ್ನು ನೇರ ಮಾಡುತ್ತಿದ್ದ. ಸುಬ್ಬುಲಕ್ಷ್ಮಿ ಒಳಗೆ ಬಂದು, ಮಂಚವನ್ನು ಒಮ್ಮೆ ನೋಡಿ, ಅದರ ಕಾಲಿನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಅತ್ತೇ, ನಾ ಇಳಿಸ್ಲಿಲ್ಲ" ಎಂದಳು ಅಳಗಮ್ಮಾಳ್‌ಗೆ. "ಒಬ್ಳೇ ಇದ್ದೆ. ಅವ್ರು ತೂಕದ ಮನ್ಸಿ, ಎತ್ತಾಕಾಗ್ಲಿಲ್ಲ. ಎಳೆದ್ರೆ ಬಿದ್ದ್ಬಿಡ್ತಾರೆ ಅಂತ ಬಯ. ತಲೇನ ಮಡಿಲಲ್ಲಿ ಇಟ್ಕೊಂಡ್ ಕೂತೆ. ಅಂಗೇ ಓದ್ರು, ಈ ಕಟ್ಟಿಲಲ್ಲೇ."

ಅಳಗಮ್ಮಾಳ್ ಚೀಲದ ಹಿಡಿ ಬಿಡದೆ ನಿಂತಿದ್ದಳು. ಆಕೆ ಕಾಯುತ್ತಿದ್ದ ಉತ್ತರ ಅದೇ; ಅನುಮಾನ ನಿಜವಾಗಿತ್ತು. ಆದರೆ ಕೇಳಿದ ಪ್ರಶ್ನೆ ಬೇರೆಯಾಗಿತ್ತು.

"ಇಷ್ಟ್ ದಿನ ಯಾರ್ಗೂ ಯೋಳ್ಲಿಲ್ವಾ ನೀನು?"

ಸುಬ್ಬುಲಕ್ಷ್ಮಿ ತಲೆ ಅಲ್ಲಾಡಿಸಿದಳು. ಅತ್ತೆಯ ಏಳು ಮಕ್ಕಳಲ್ಲಿ ಯಾರೂ ಅವತ್ತು ಹತ್ತಿರ ಇರಲಿಲ್ಲ, ಆದರೆ ಎಲ್ಲರೂ ಬಂದ ಮೇಲೆ ಮೊದಲು ಕೇಳಿದ್ದು ಇಳಿಸಿದೆಯಾ ಎಂದು. ಇಲ್ಲ ಎನ್ನಲು ತನಗೆ ಧೈರ್ಯ ಬರಲಿಲ್ಲ ಎಂದಳು. ಆಮೇಲೆ ಮಂಚದ ಕಾಲನ್ನು ಹಿಡಿದುಕೊಂಡು ಇನ್ನೊಂದು ಮಾತು ಹೇಳಿದಳು. "ನಮ್ಮತ್ತೆ ತವರಿಂದ ಬಂದ ಕಟ್ಟಿಲು ಇದು. ಆ ಏಳೂ ಕೂಸು ಇದರ್ ಮೇಲೇ ಉಟ್ಟಿದ್ದು. ಏಳು ಜೀವ ಬಂದದೆ, ಓಗಿರೋದು ಒಂದು."

ಮುತ್ತುಸೆಲ್ವಿ ಕುರ್ಚಿಯಿಂದ ಎದ್ದಳು, ಹೊಟ್ಟೆ ಹಿಡಿದುಕೊಂಡು ಮಂಚದ ಹತ್ತಿರ ಹೋಗಿ ದಿಂಬಿನ ಕೆಳಗೆ ಕೈ ಹಾಕಿದಳು. ಹೊರಡುವ ಮುಂಚೆ ಮರೆಯಬಾರದೆಂದು ಅರಿಶಿನದ ಬಟ್ಟೆಯನ್ನು ತೆಗೆದದ್ದು ಅಷ್ಟೇ. ಅತ್ತೆಯ ಚೀಲಕ್ಕೆ ಹಾಕಲು ಹೊರಟಾಗ ಸುಬ್ಬುಲಕ್ಷ್ಮಿ ಅದರ ಅಂಚಿನ ಹಸಿರು ಗೆರೆಯನ್ನು ನೋಡಿದಳು.

"ಇದು ನಮ್ಮತ್ತೆ ಸೀರೆ ಸೆರಗು" ಎಂದಳು. "ಅವತ್ತು ಮೈಮೇಲಿದ್ದ ಸೀರೆ."

ಸಾವಿನ ದಿನ ಆ ಸೀರೆಯ ತುಂಡಿಗೆ ಹೆಂಗಸರು ನಾ ಮುಂದು ತಾ ಮುಂದು ಎಂದಿದ್ದರು. ತುಂಬು ಬಾಳು ಬಾಳಿ ಹೋದವರ ಬಟ್ಟೆ ಕೂಸಿಗೆ ಕಾವಲು. ಮೊದಲ ತುಂಡನ್ನು, ಒಳ್ಳೆಯ ಸೆರಗಿನ ಕಡೆಯದನ್ನೇ, ಅಳಗಮ್ಮಾಳ್ ಹರಿದುಕೊಂಡಿದ್ದಳು. ಅದನ್ನು ಸೊಸೆಗೆ ಕೊಟ್ಟವಳೂ ಆಕೆಯೇ. ಮಂಚ ಬಂದ ದಿನದಿಂದ ಅದು ಈ ಮಂಚದ ಮೇಲೆ, ಈ ದಿಂಬಿನ ಕೆಳಗೇ ಇತ್ತು. ಪೊನ್ನಮ್ಮಾಳ್‌ನ ಸೀರೆ ಪೊನ್ನಮ್ಮಾಳ್‌ನ ಮಂಚವನ್ನು ಯಾರಿಗೂ ಹೇಳದೆ ಸೇರಿಕೊಂಡಿತ್ತು.

ವೀರಮ್ಮಾಳ್‌ಗೆ ಈಗ ಹೇಳಲು ಬೇಕಾದಷ್ಟು ಇತ್ತು. ಕೋಲ ಹಾಕುವವಳೇ ಹೀಗೆ ಮಾತಾಡುತ್ತೀಯಲ್ಲ ಎಂದು ಬೆಳಿಗ್ಗೆ ಕೇಳಿಸಿಕೊಂಡಿದ್ದಳು. ಆಕೆ ಒಳಗೆ ಹೋಗಿ ಎಲ್ಲರಿಗೂ ಕಾಫಿಗೆ ನೀರಿಟ್ಟಳು.

"ಸೀರೆ ಬೇರೆ, ಕಟ್ಟಿಲು ಬೇರೆ" ಎಂದು ಅಳಗಮ್ಮಾಳ್ ಹೇಳುವುದು ಕೇಳಿಸಿತು. ದನಿಯಲ್ಲಿ ಬಲವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಬೇರೆ ಅಲ್ಲವೇನೋ ಎಂದು ತನಗೇ ಹೇಳಿಕೊಂಡಳು. ಕಾಫಿ ಬರುವಷ್ಟರಲ್ಲಿ ಆಕೆ ಸುಬ್ಬುಲಕ್ಷ್ಮಿಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಒಬ್ಬಳಿಂದ ಎತ್ತಲು ಹೇಗೆ ಆಗುತ್ತದೆ, ಪೊನ್ನಮ್ಮಾಳ್ ಅವ್ವ ಎಂಥ ಮೈಯವಳು, ಮಡಿಲಲ್ಲಿ ತಲೆ ಇಟ್ಟುಕೊಂಡೆಯಲ್ಲ ಅದು ಯಾವ ನೆಲಕ್ಕಿಂತ ಕಡಿಮೆ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಸುಬ್ಬುಲಕ್ಷ್ಮಿ ಮುಖಕ್ಕೆ ಸೆರಗು ಹಿಡಿದು ಅತ್ತಳು. ದೀಪಾವಳಿ ಆದ ವಾರದಿಂದ ಬಾಕಿಯಿದ್ದ ಅಳು ಅದು.

ಕಾಫಿ ಮುಗಿದ ಮೇಲೆ ಅಳಗಮ್ಮಾಳ್ ಅರಿಶಿನ ಕೇಳಿದಳು, ಬೇವಿನ ಸೊಪ್ಪು ಕೇಳಿದಳು. ವೇಲು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ಹಿಡಿದು ಮಂಚವನ್ನು ಅಂಗಳಕ್ಕೆ ತಂದರು. ಮೂವರು ಹೆಂಗಸರೂ ಸೇರಿ ಅದನ್ನು ಗಿಣಿಯ ಕೊಕ್ಕಿನವರೆಗೂ ತೊಳೆದು ಬಿಸಿಲಿಗೆ ಇಟ್ಟರು. ಹಲಗೆ ಒಣಗಿದ ಮೇಲೆ ಒಳಗೆ ತಂದು ಹಾಸಿಗೆ ಹಾಸಿದರು. ಮುತ್ತುಸೆಲ್ವಿ ಕೂರಲು ಹೋದಾಗ ಅತ್ತೆ ತಡೆದಳು.

"ಇರು. ಅದ್ರಲ್ಲೇನಾರ ಇದ್ರೆ ಮೊದ್ಲು ನನ್ನ ನೋಡ್ಕೊಳ್ಲಿ" ಎಂದು ತಾನೇ ಹತ್ತಿ ಮಲಗಿದಳು. ಕಾಲು ಸೇರಿಸಿ, ಕೈ ಎದೆಯ ಮೇಲಿಟ್ಟು, ಸೂರು ನೋಡುತ್ತ, ಏನು ಬಂದರೂ ಬರಲಿ ಎಂಬಂತೆ. ಬೆಳಿಗ್ಗೆ ಬೇಗ ಎದ್ದು ಬಸ್ಸಿಗೆ ಬಂದವಳು. ಮಂಚ ಒಳ್ಳೆಯ ಮಂಚ. ಬಹಳ ಹೊತ್ತಾಗುವ ಮುಂಚೆಯೇ ಗೊರಕೆ ಶುರುವಾಯಿತು.

ವೇಲು ಬಾಗಿಲಿನಿಂದ ಇಣುಕಿ ನೋಡಿದ. "ಮೂಗ್ ಮಾಡ್ಕೊಟ್ಟದ್ದು ಒಳ್ಳೇದಾಯ್ತು. ಗಿಣಿ ಮಾತಾಡ್ತಾ ಅದೆ" ಎಂದ. ಮುತ್ತುಸೆಲ್ವಿ ನಗು ತಡೆಯಲಾರದೆ ಸೊಂಟ ಹಿಡಿದುಕೊಂಡಳು. ಸಂಜೆಯ ಬಸ್ಸು ಹೋಯಿತು. ಅಳಗಮ್ಮಾಳ್ ಎದ್ದಾಗ ದೀಪ ಹಚ್ಚುವ ಹೊತ್ತಾಗಿತ್ತು. ಯಾರನ್ನೂ ನೋಡದೆ ಚೀಲದಿಂದ ಸೊಸೆಯ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಹಲ್ಲಿನ ಡಾಕ್ಟರ ಕಪಾಟಿನಲ್ಲಿ ಜೋಡಿಸಿದಳು.

ಕೂಸು ಶಿವರಾತ್ರಿಯ ಸುಮಾರಿನ ಮಾಸಿ ತಿಂಗಳಲ್ಲಿ ಆಯಿತು, ಹೆಣ್ಣು, ತೇನಿಯ ಸರ್ಕಾರಿ ಆಸ್ಪತ್ರೆಯಲ್ಲಿ. ಆಸ್ಪತ್ರೆಯಿಂದ ಬಂದ ತಾಯಿ ಮಗು ಆ ಮಂಚದ ಮೇಲೇ ಬಾಣಂತನ ಮುಗಿಸಿದರು. ಒಮ್ಮೆ ಮಗುವಿಗೆ ಜ್ವರವೂ ಬಂತು, ಹೋಯಿತು. ಸುಬ್ಬುಲಕ್ಷ್ಮಿ ವಾರಕ್ಕೊಂದು ಸಲ ಬರುತ್ತಿದ್ದಳು. ಬಂದಾಗ ಮಂಚದ ಮೇಲೆಯೇ ಕೂರುತ್ತಿದ್ದಳು. ಮಗುವನ್ನು ಮಡಿಲಲ್ಲಿಟ್ಟುಕೊಂಡರೆ ಬೇರೆಯವರಿಗೆ ಕೊಡುತ್ತಿರಲಿಲ್ಲ. ಗಂಡನಿಗೂ ಹೇಳಿದೆ, ಅವನು ಏನೂ ಅನ್ನಲಿಲ್ಲ ಎಂದು ಒಂದು ದಿನ ವೀರಮ್ಮಾಳ್‌ಗೆ ತಿಳಿಸಿದಳು.

ಸೊಸೆಯನ್ನು ಕರೆದೊಯ್ಯಲು ಬಂದ ಅಳಗಮ್ಮಾಳ್ ಮಂಚವನ್ನೂ ಕೇಳಿದಳು. ಬೋಡಿಮೆಟ್ಟಿನಲ್ಲಿ ಒಬ್ಬ ಬಸುರಿಗೆ ಬೇಕಾಗಿದೆ, ಬೀದಿಯದು ಬೇಕಾದವರಿಗೆ ಹೋಗಬೇಕು ಎಂದಳು ವೀರಮ್ಮಾಳ್.

"ನಂಗೇ ಬೇಕು ಸಂಬಂಧೀ" ಎಂದಳು ಅಳಗಮ್ಮಾಳ್. "ಬೋಡಿಮೆಟ್ಟೋಳ್ಗೆ ನಾ ಬೇರೆ ಕೊಡಿಸ್ತೀನಿ. ಇದ್ರ ಮೇಲೆ ಬಂದಂಗೆ ನಿದ್ದೆ ನಂಗೆ ಎಲ್ಲೂ ಬರ್ಲಿಲ್ಲ."

ಬೋಡಿಮೆಟ್ಟಿಗೆ ಬೇರೆ ಮಂಚ ಹೋಯಿತು, ಹೊಸದು. ಗಿಣಿಯ ಮಂಚ ಮಾವಿನಕಾಯಿ ಸಾಗಿಸುವ ವ್ಯಾನಿನ ಮೇಲೆ ಪೆರಿಯಕುಳಕ್ಕೆ ಹೊರಟಿತು. ಮುಂದಿನ ಸೀಟಿನಲ್ಲಿ ಮುತ್ತುಸೆಲ್ವಿ, ಮಡಿಲಲ್ಲಿ ಮಗು. ಹಿಂದೆ ಹಗ್ಗ ಬಿಗಿದ ಹಲಗೆಯಲ್ಲಿ ಒಂದು ಗಿಣಿಯ ಬಿಳಿ ಕೊಕ್ಕು ತಿರುವಿನವರೆಗೂ ಕಾಣುತ್ತಿತ್ತು.

ವೀರಮ್ಮಾಳ್ ಈಗಲೂ ನಸುಕಿಗೆ ಮುಂಚೆ ಹೊರಡುತ್ತಾಳೆ. ಚರಂಡಿ ದಾಟಿ ಬಿದ್ದ ಒಂದು ಕುರ್ಚಿಯೋ ಪೆಟ್ಟಿಗೆಯೋ ಕಂಡರೆ ಅದನ್ನು ಆಮೇಲೆ ನೋಡುತ್ತಾಳೆ. ಮೊದಲು ಆ ಮನೆಯ ಬಾಗಿಲಿಗೆ ಹೋಗಿ, ಸೊಂಟಕ್ಕೆ ಒಂದು ಕೈ ಕೊಟ್ಟು ಬಾಗಿ, ಕೋಲದ ಒಂದು ಎಳೆಯ ಮೇಲೆ ಹೆಬ್ಬೆರಳು ಒತ್ತುತ್ತಾಳೆ. ಬೆರಳನ್ನು ಬೀದಿ ದೀಪದ ಬೆಳಕಿಗೆ ಹಿಡಿದು, ಹಿಟ್ಟು ಹತ್ತಿದೆಯೇ ಎಂದು ನೋಡುತ್ತಾಳೆ.